ಹೋಟೆಲ್ ಮಾಲಕಿಯ ಗಂಜಿ

ಡೊಂಬಿವಲಿ, ೧೨-೨-೧೯೮೪

ಮಹಿಳಾ ಮಂಡಳಿಯ ರಮ್ಮಿ ಮೇಜಿನ ಸುತ್ತ ನೆರೆದ ಮಹಾಸಭೆಯೇ, ಹೋಟೆಲ್ ಮಾಲೀಕರ ಮನೆಯೊಡತಿಯರೇ, ಇಸ್ಪೀಟಿನ ಎಲೆಗಳನ್ನು ಕೆಳಗಿಟ್ಟು ನಿಮ್ಮ ನಾಟಕದ ಮಾಸ್ತರನ ಮಾತು ಕೇಳಬೇಕು.

ವಾರ್ಷಿಕೋತ್ಸವದ ಪ್ರಹಸನದಲ್ಲಿ, ಗಂಜಿ ಬೇಯಿಸಿ ಉಣ್ಣುವವರಿಲ್ಲದೆ ಕೆಲಸದವಳನ್ನು ಅಂಗಲಾಚುವ ಶ್ರೀಮಂತೆಯನ್ನು ಕಂಡು ಸಭಾಂಗಣವೇ ನಕ್ಕಿತು. ಅದು ನನ್ನ ಕಲ್ಪನೆಯಲ್ಲ. ತಾಲೀಮಿನ ಬಿಡುವಿನಲ್ಲಿ ನಿಮ್ಮ ಮಂಡಳಿಯವರೇ ಆದ ಜಯಲತಾ ಅವರು ನನ್ನೊಬ್ಬನಿಗೇ ಹೇಳಿದ್ದರು: “ನಮ್ಮಲ್ಲಿಗೆ ಮೂರು ಹೊತ್ತೂ ಹೋಟೆಲಿಂದ ಕ್ಯಾರಿಯರ್ ಬರ್ತದೆ ಮಾಷ್ಟ್ರೇ. ನನ್ನ ಕೈಯಡಿಗೆ ಯಾರಿಗೂ ಬೇಡ. ಮಧ್ಯಾಹ್ನ ಸುಮ್ಮನೆ ಗಂಜಿ ಬೇಯಿಸ್ತೇನೆ. ಸ್ವಲ್ಪ ಉಣ್ಣು ಮಾರಾಯ್ತಿ ಅಂತ ಕೆಲಸದವಳ ಹತ್ತಿರ ಗೋಗರೆಯುವುದು.”

ಚಪ್ಪಾಳೆಯ ಆಸೆಗೆ ಅದನ್ನೇ ಒಂದು ಮಾತೂ ಬಿಡದೆ ಬರೆದೆ. ಅವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಬಾಯಿಗೆ ಸೆರಗೊತ್ತಿ ಎದ್ದು ಹೋದವರು ಮತ್ತೆ ಮಂಡಳಿಗೆ ಬಂದಿಲ್ಲ. ನೀವೀಗ ಅವರನ್ನು ‘ಗಂಜಿ ಸೇಠಾಣಿ’ ಎನ್ನುತ್ತೀರಂತೆ. ಆ ಹೆಸರು ಇಟ್ಟವನು ನಾನೇ ಎಂದು ತಿಳಿದು, ದಯವಿಟ್ಟು ಅದನ್ನು ಬಿಟ್ಟುಬಿಡಿ. ಪ್ರಹಸನದ ಪ್ರತಿಗಳನ್ನೆಲ್ಲ ಹಿಂದಕ್ಕೆ ಕಳುಹಿಸಿ. ಕಲ್ಯಾಣ್ ಊರಿನಲ್ಲಿ ಆಡಲಿರುವ ಪ್ರಯೋಗಕ್ಕೆ ಬೇರೊಂದು ಬರೆದುಕೊಡುತ್ತೇನೆ.

ಸಾವಿರ ಜನರಿಗೆ ಮೈಕಿಲ್ಲದೆ ಕೇಳಿಸುವ ಕಂಠ ನನ್ನದು. ನಾಳೆ ಬೆಳಿಗ್ಗೆ ಮಾಜಿವಾಡಾಕ್ಕೆ ಹೋಗಿ, ಜಯಲತಾ ಅವರ ಬಾಗಿಲಲ್ಲಿ ನಿಂತು, ಅವರೊಬ್ಬರಿಗೇ ಕೇಳಿಸುವಷ್ಟು ಮೆಲ್ಲಗೆ ಕ್ಷಮೆ ಕೇಳುತ್ತೇನೆ.

ನಿಮ್ಮ ನಾಟಕದ ಮಾಸ್ತರ,
ಚಂದ್ರಾಮ