ಎರಡು ಬೆರಳಿನ ಅಂಚು

ಗುರುವಾರ, ೧೪

ಈ ಕೈ ಸೇದಿಹೋಗ. ತನ್ನಮ್ಮನ ಜೊತೆ ಬೇರೆ ಮನೆಯಲ್ಲಿರುವ ಮಗಳು ಐದು ಚಿತ್ರ ಕಳಿಸಿದ್ದಳು. ನನ್ನ ಬರೀ ಗೋಡೆಗೆ ಆಗಲಿ ಎಂದು ನಾನು ಕೆಲಸ ಮಾಡುವ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಉಳಿದ ರಟ್ಟಿನಿಂದ ಚೌಕಟ್ಟು ಮಾಡಿದೆ. ಹಾಳೆಗಳು ತುಸು ದೊಡ್ಡವು. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಐದನ್ನೂ ಒಟ್ಟಿಗೆ ತಟ್ಟಿ ಜೋಡಿಸಿ, ಕಟಿಂಗ್ ಮೆಷಿನ್ನಿಗೆ ಕೊಟ್ಟು ಎರಡು ಬೆರಳು ಅಂಚು ಹಾರಿಸಿದೆ. ಕತ್ತರಿಸುವ ಮುನ್ನ ನೋಡಿದ್ದು ಮೇಲಿನ ಹಾಳೆ ಒಂದನ್ನೇ. ಆಮೇಲೆ ಐದನ್ನೂ ಚೌಕಟ್ಟಿಗೆ ಹಾಕಿ ಮನೆಯ ಗೋಡೆಗೆ ತೂಗುಹಾಕಿದೆ.

ಸಂಜೆ ಫೋನಿನಲ್ಲಿ ಕೇಳಿದಳು: "ಅಪ್ಪಾ, ಮನೆ ಚಿತ್ರ ಹಾಕಿದ್ಯಾ? ಅಂಚಲ್ಲಿ ನೀನು ನಿಂತಿದ್ದೀಯ, ನೋಡಿದ್ಯಾ?"

"ನೋಡ್ದೆ ಪುಟ್ಟಾ. ಮೀಸೆ ಭಾರಿ ಚೆನ್ನಾಗಿದೆ."

"ಮೀಸೆ ನಾನು ಬರೆದೇ ಇಲ್ವಲ್ಲ!"

ನಕ್ಕಳು. ನಾನೂ ನಕ್ಕೆ, ಫೋನ್ ಇಡುವವರೆಗೆ. ಆಮೇಲೆ ಅಂಗಡಿಗೆ ಓಡಿ, ಬೀಗ ತೆಗೆದು, ಕಾಗದದ ಚೂರುಗಳ ಚೀಲವನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದೆ. ಸಿಕ್ಕಿತು. ನೀಲಿ ಅಂಗಿ ತೊಟ್ಟ ಬೆರಳುದ್ದದ ಮನುಷ್ಯ, ಮೀಸೆಯಿಲ್ಲ, ಪಕ್ಕದಲ್ಲಿ ಗೋಂದಿನ ಡಬ್ಬಿ. ಆದರೆ ಒಂದೇ ಕೈ.

ಮನೆಗೆ ತಂದು ಗೋಡೆಯ ಚಿತ್ರದ ಪಕ್ಕ ಹಿಡಿದೆ. ಅದರಲ್ಲಿ ಮನೆ ಮುಂದೆ ತನ್ನನ್ನೂ ಬರೆದುಕೊಂಡಿದ್ದಾಳೆ; ಅವಳ ಕೈಗೆ ಸುತ್ತಿಕೊಂಡ ನೀಲಿ ಗೆರೆಯೊಂದಿದೆ. ಏನೋ ಬಳ್ಳಿ ಅಂದುಕೊಂಡಿದ್ದೆ.

ನನ್ನ ತೋಳು ಅದು. ನನ್ನನ್ನು ಕತ್ತರಿಸಿ ಎಸೆದ ಮೇಲೂ ಅವಳ ಕೈ ಹಿಡಿದುಕೊಂಡೇ ಇದೆ.