ಶಾಲು ತುಮಕೂರಿನಲ್ಲಿ, ಚುನಾವಣೆ ಕುಣಿಗಲ್ಲಿನಲ್ಲಿ

ನಮ್ಮ ಕಾಲುವೆ ಸಂಘದ ಅಧ್ಯಕ್ಷರನ್ನು ಆರಿಸಿಕೊಡಲು ನೇಮಕವಾಗಿರುವ ಚುನಾವಣಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಾವು ಎಲ್ಲಿರುತ್ತೀರಿ? ಕುಣಿಗಲ್ಲಿನಲ್ಲೋ, ತುಮಕೂರಿನಲ್ಲೋ? ಇಷ್ಟು ಕೇಳಲಿಕ್ಕೆ ಪತ್ರಿಕೆಯ ಜಾಗ ಯಾಕೆ ಹಾಳು ಮಾಡಬೇಕು, ಒಂದು ಫೋನ್ ಸಾಕಾಗಿತ್ತಲ್ಲ ಎನ್ನುತ್ತೀರೇನೋ. ಮಾಡಿದೆ ಸ್ವಾಮಿ. ಹೋದ ವಾರವೆಲ್ಲ ಮೇಲಿಂದ ಮೇಲೆ ತಾವಾಗಿಯೇ ಫೋನ್ ಮಾಡಿ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದ ತಾವು, ಈ ಪ್ರಶ್ನೆ ಕೇಳಿದಂದಿನಿಂದ ನನ್ನ ಕರೆ ಎತ್ತುತ್ತಿಲ್ಲ. ಅದಕ್ಕೇ ಹತ್ತು ಜನರ ಎದುರಿಗೆ ಕೇಳುತ್ತಿದ್ದೇನೆ.

ಓದುವವರಿಗೆ ವಿಷಯ ಗೊತ್ತಾಗಲಿ. ಮಾರ್ಕೋನಹಳ್ಳಿ ಜಲಾಶಯದಿಂದ ನಮ್ಮ ಕಡೆ ಬರುವ ಕಾಲುವೆಯ ನೀರು ಯಾರ ಗದ್ದೆಗೆ ಯಾವಾಗ ಹೋಗಬೇಕು ಎಂದು ತೀರ್ಮಾನಿಸುವುದು ನಮ್ಮ ನೀರು ಬಳಕೆದಾರರ ಸಂಘ. ಅದರ ಅಧ್ಯಕ್ಷರನ್ನು ನಿರ್ದೇಶಕರು ಗುರುವಾರ ಕುಣಿಗಲ್ಲಿನಲ್ಲಿ ಆರಿಸಬೇಕು. ಹನ್ನೊಂದು ಗಂಟೆಯೊಳಗೆ ಅಭ್ಯರ್ಥಿ ಖುದ್ದಾಗಿ ತಮ್ಮ ಕೈಗೆ ನಾಮಪತ್ರ ಕೊಡಬೇಕು. ಈಗಿನ ಅಧ್ಯಕ್ಷರು ಮತ್ತೆ ನಿಲ್ಲುತ್ತಿದ್ದಾರೆ. ಅವರ ಎದುರಿಗೆ ನಿಲ್ಲುತ್ತಿರುವವರು ಒಬ್ಬರೇ, ಭದ್ರಮ್ಮ. ಕಾಲುವೆಯ ಕೊನೆಯಲ್ಲಿ ಆಕೆಗೆ ತಾಯಿಯಿಂದ ಬಂದ ಗದ್ದೆ ಇದೆ. ಬೇಸಾಯವೂ ಆಕೆಯದೇ, ಸದಸ್ಯತ್ವವೂ ಆಕೆಯದೇ. ನಾನು ಆಕೆಯ ಗಂಡ. ಕುಣಿಗಲ್ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಸಂಘದಲ್ಲಿ ನನಗೆ ಒಂದು ಷೇರೂ ಇಲ್ಲ. ಆದರೂ ತಾವು ಫೋನ್ ಮಾಡಿದ್ದು ನನಗೆ.

ಭದ್ರಮ್ಮ ನಿಲ್ಲುತ್ತಾಳೆ ಎಂದ ದಿನದಿಂದ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಅರ್ಹತೆಯ ಚರ್ಚೆ ಶುರುವಾಗಿದೆ. ಏನು ಓದಿದ್ದಾಳೆ? ಮೈಕ್ ಮುಂದೆ ನಾಲ್ಕು ಮಾತಾಡುತ್ತಾಳಾ? ಮಹಿಳಾ ಮೀಸಲಿನಲ್ಲಿ ನಿರ್ದೇಶಕಿ ಆದವಳಿಗೆ ಅಧ್ಯಕ್ಷರ ಕುರ್ಚಿಯ ಆಸೆ ಯಾಕೆ? ಚರ್ಚೆ ನಡೆಯಲಿ, ಸಂತೋಷ. ಆದರೆ ಇಷ್ಟು ವರ್ಷ ಈ ಪ್ರಶ್ನೆಗಳು ಎಲ್ಲಿ ಮಲಗಿದ್ದವು? ಈಗಿನ ಅಧ್ಯಕ್ಷರು ಎಷ್ಟು ಓದಿದ್ದಾರೆಂದು ಯಾರಾದರೂ ಕೇಳಿದರಾ? ಅವರ ಅರ್ಹತೆ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದನ್ನು ಹೊಲಿದುಕೊಟ್ಟವನು ನಾನೇ. ಇಸ್ತ್ರಿ ಕೆಡದ ಬಿಳಿ ಷರ್ಟು, ಬಿಳಿ ಪ್ಯಾಂಟು. ಅದನ್ನು ಹಾಕಿಕೊಂಡು ಕೆಸರಿಗೆ ಇಳಿಯಲು ಆಗುವುದಿಲ್ಲ, ಅವರು ಇಳಿದದ್ದೂ ಇಲ್ಲ.

ನನ್ನ ಹೆಂಡತಿ ದೇವತೆ ಅಂತ ನಾನು ಹೇಳುತ್ತಿಲ್ಲ. ಬಾಯಿ ಜೋರು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ದೊಡ್ಡವರಿಗೆ ಗೌರವ ಕೊಡಲ್ಲ ಎಂಬ ದೂರೂ ನಿಜ, ಅದರ ಕಥೆ ಇಷ್ಟು. ಎರಡು ವರ್ಷದ ಹಿಂದೆ ನಮ್ಮ ಕೊನೆಯ ಗದ್ದೆಗಳಿಗೆ ನೀರೇ ಬರಲಿಲ್ಲ. ಕೇಳಿದರೆ ಎಂಜಿನಿಯರ್ ಸಾಹೇಬರು ಬಿಟ್ಟಾಗಿದೆ, ಬಿಟ್ಟಾಗಿದೆ ಎನ್ನುತ್ತಿದ್ದರು. ಗಂಡಸರು ಅರ್ಜಿ ಕೊಟ್ಟು, ಟೀ ಕುಡಿದು, ವಾಪಸ್ ಬಂದರು. ಇವಳು ಹೋಗಿ ಸಾಹೇಬರ ಜೀಪಿನ ಮುಂದೆ ನಿಂತು, "ಬಿಟ್ಟಿದೀನಿ ಅಂತೀಯಲ್ಲ, ಎಲ್ಲೈತೆ ನೀರು? ನಡಿಯಪ್ಪ, ನಂಗೂ ತೋರ್ಸು" ಅಂದಳು. ಏಕವಚನ, ಒಪ್ಪುತ್ತೇನೆ. ಪಾಪ, ಆ ಎಂಜಿನಿಯರ್ ಹುಡುಗ ಶೂ ಬಿಚ್ಚಿ ಒಣಗಿದ ಕಾಲುವೆಯ ಉದ್ದಕ್ಕೂ ಅವಳ ಹಿಂದೆ ನಡೆದ. ಅಧ್ಯಕ್ಷರ ತೆಂಗಿನ ತೋಟದ ಹತ್ತಿರ ನೀರು ಸಿಕ್ಕಿತು. ಕಾಲುವೆ ಏರಿಯನ್ನು ಕಡಿದು ಒಳಕ್ಕೆ ತಿರುಗಿಸಿಕೊಂಡಿದ್ದರು. ಅಲ್ಲೇ ಮುಚ್ಚಿಸಿದರು, ನಮ್ಮ ಗದ್ದೆಗೆ ನೀರು ಬಂತು. ಅವತ್ತು ಬಹುವಚನ ಬಳಸಿ ಕೇಳಿದವರಿಗೆಲ್ಲ ಸಿಕ್ಕಿದ್ದು ಟೀ ಮಾತ್ರ. ಕೊನೆ ಭಾಗದ ನಿರ್ದೇಶಕರೆಲ್ಲ ಆಮೇಲೇ ಅವಳನ್ನು ನಿಲ್ಲು ಎಂದು ಒತ್ತಾಯ ಮಾಡಿದ್ದು. ಎದುರಾಳಿ ಇಲ್ಲದೆ ಅಧ್ಯಕ್ಷರು ಮತ್ತೆ ಗೆದ್ದರೆ ಆ ಏರಿಯನ್ನು ಮತ್ತೆ ಕಡಿಯುತ್ತಾರೆ. ನಮಗೆ ಇರುವ ಭಯ ಅದೊಂದೇ.

ಈಗ ಸನ್ಮಾನಕ್ಕೆ ಬರೋಣ. ನಮ್ಮ ಕಡೆ ಒಂದು ಪದ್ಧತಿ ಬೆಳೆದಿದೆ, ತಮಗೂ ಗೊತ್ತು. ಯಾರನ್ನಾದರೂ ಪಕ್ಕಕ್ಕೆ ಸರಿಸಬೇಕಾದರೆ ಮೊದಲು ಅವರಿಗೆ ಶಾಲು ಹೊದಿಸುತ್ತಾರೆ. ನಿಟ್ಟೂರಿನಲ್ಲಿರುವ ನಮ್ಮಕ್ಕನ ಗಂಡ ನರಸಿಂಹಯ್ಯನವರಿಗೆ ಹೀಗೇ ಆಯಿತು. ಅವರೂ ಒಂದು ಸಂಘದ ಚುನಾವಣೆಗೆ ನಿಂತಿದ್ದರು. ಹಿಂದಿನ ದಿನ ಪೇಟ, ಹಾರ, ಹಣ್ಣಿನ ತಟ್ಟೆ, ಜೊತೆಗೆ ಗೌರವಾಧ್ಯಕ್ಷ ಪಟ್ಟ. ಭಾವನವರು ಕಣ್ಣೊರೆಸಿಕೊಂಡು ನಾಮಪತ್ರ ವಾಪಸ್ ತೆಗೆದರು. ಇವತ್ತು ಅವರನ್ನು ದೀಪ ಹಚ್ಚಲಿಕ್ಕೆ ಕರೆಯುತ್ತಾರೆ. ಹಚ್ಚಿ ಆದ ಮೇಲೆ ಆಟೋ ಹತ್ತಿಸಿ ಕಳಿಸುತ್ತಾರೆ, ಸಭೆ ಆಮೇಲೆ ಶುರುವಾಗುತ್ತದೆ.

ಹಾಗಾಗಿ ಹೋದ ಭಾನುವಾರ ಸಂಘದ ಕಾರ್ಯದರ್ಶಿ ಅಂಜನ್‌ಕುಮಾರ್ ಸ್ವೀಟ್ ಬಾಕ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬಂದಾಗಲೇ ನನಗೆ ಅನುಮಾನ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತುಮಕೂರಿನಲ್ಲಿ ಆದರ್ಶ ರೈತ ಮಹಿಳೆ ಸನ್ಮಾನವಂತೆ. ಭದ್ರಮ್ಮನವರನ್ನೇ ಆರಿಸಿದ್ದಾರಂತೆ. ಕಾರು ಮನೆ ಬಾಗಿಲಿಗೇ ಬರುತ್ತದಂತೆ. ಇಷ್ಟು ಹೇಳಿ ಆ ಪುಣ್ಯಾತ್ಮ ಜೇಬಿನಿಂದ ಒಂದು ದಾರ ತೆಗೆದು ನನ್ನ ತಲೆಯ ಅಳತೆ ತೆಗೆಯಲು ಬಂದ. ಯಾಕಪ್ಪ ಎಂದರೆ, ಮೈಸೂರು ಪೇಟ ಹೆಂಗಸರಿಗೆ ಒಪ್ಪುವುದಿಲ್ಲ, ಅಕ್ಕನವರಿಗೆ ಶಾಲು, ಪೇಟ ತಮಗೆ ಅಂದ. ಜೀವಮಾನವೆಲ್ಲ ಊರಿನವರ ಅಳತೆ ತೆಗೆದವನು ನಾನು, ನನ್ನ ಅಳತೆ ತೆಗೆಯಲು ಯಾರೂ ಮನೆಗೆ ಬಂದಿರಲಿಲ್ಲ. ಸಾಧನೆ ಹೆಂಡತಿಯದು, ಪೇಟ ಗಂಡನ ತಲೆಗೆ. ಇದಕ್ಕೆ ನಗಬೇಕೋ ಅಳಬೇಕೋ ತಾವೇ ಹೇಳಿ. ನಾನು ತಲೆ ಹಿಂದಕ್ಕೆ ಸರಿಸಿದೆ, ಅವನು ದಾರ ಜೇಬಿಗಿಟ್ಟುಕೊಂಡು ಇನ್ನೊಂದು ಮಾತು ಸೇರಿಸಿದ. ಚುನಾವಣಾಧಿಕಾರಿ ಸಾಹೇಬರೂ ತುಮಕೂರಿಗೆ ಬರುತ್ತಾರೆ, ಅವರ ಕೈಯಿಂದಲೇ ಶಾಲು ಹೊದಿಸುವುದು ಅಂದ.

ಭದ್ರಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಸಾಯೇಬ್ರು ಅಲ್ಲಿ ನಂಗೆ ಶಾಲು ಹೊದಿಸ್ತಾ ಇದ್ರೆ, ಇಲ್ಲಿ ನಾಮಪತ್ರ ಇಸ್ಕಳೋರು ಯಾರ್ಲಾ?"

ಅಂಜನ್‌ಕುಮಾರ್ ನನ್ನ ಕಡೆ ತಿರುಗಿ, "ನೀವಾದ್ರೂ ಸ್ವಲ್ಪ ಹೇಳಿ ಅಣ್ಣ" ಅಂದ. ಅದೇ ಸಂಜೆ ತಮ್ಮ ಫೋನೂ ಬಂತು. "ನಿಮ್ಮ ಮನೆಯವರನ್ನ ನೀವೇ ಒಪ್ಪಿಸಬೇಕು, ಗೌರವಾಧ್ಯಕ್ಷೆ ಮಾಡ್ತಾರೆ, ಮರ್ಯಾದೆಗೆ ಏನೂ ಕಮ್ಮಿ ಆಗಲ್ಲ" ಅಂದಿರಿ. ಮರ್ಯಾದೆಯ ವಿಷಯ ತಾವು ಎತ್ತಿದ್ದು ಒಳ್ಳೆಯದೇ ಆಯಿತು. ಎದುರಿಗೆ ನಿಂತು ಪ್ರಶ್ನೆ ಕೇಳಿದವಳಿಗೆ ಉತ್ತರ ಕೊಡದೆ, ಪಕ್ಕದಲ್ಲಿ ಕೂತ ಗಂಡನಿಗೆ ಉತ್ತರ ಕೊಡುವುದಕ್ಕೆ ಮರ್ಯಾದೆ ಎನ್ನುತ್ತಾರಾ? ಅದಕ್ಕೇ ಆ ಫೋನಿನಲ್ಲಿ ತಮ್ಮನ್ನು ನಾನು ಕೇಳಿದ್ದು ಅವಳ ಪ್ರಶ್ನೆಯನ್ನೇ. ಗುರುವಾರ ಹನ್ನೊಂದಕ್ಕೆ ಎಲ್ಲಿರುತ್ತೀರಿ? ಫೋನ್ ಕಟ್ಟಾಯಿತು. ಅಧ್ಯಕ್ಷರ ನಾಮಪತ್ರ ಒಂದನ್ನೇ ಮೊದಲೇ ತೆಗೆದುಕೊಂಡು ತುಮಕೂರಿಗೆ ಹೋಗಿಬಂದರೆ, ಮಧ್ಯಾಹ್ನದೊಳಗೆ ಅವಿರೋಧ ಆಯ್ಕೆ ಆಗಿ ಮುಗಿಯುತ್ತದೆ ಎಂದು ತಮಗೆ ಯಾರಾದರೂ ಮೊದಲೇ ಭರವಸೆ ಕೊಟ್ಟಿದ್ದಾರಾ? ನನ್ನ ಅನುಮಾನ ತಪ್ಪಾಗಿದ್ದರೆ ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ತಪ್ಪು ಎಂದು ತೋರಿಸುವುದು ತಮ್ಮ ಕೈಯಲ್ಲೇ ಇದೆ, ಆ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದರೆ ಸಾಕು.

ಅವಳು ಗೆಲ್ಲಲಿ ಎಂದು ತಮ್ಮನ್ನು ಕೇಳುತ್ತಿಲ್ಲ. ಸೋತರೆ ಸೋಲಲಿ, ಮತ ಹಾಕಿಸಿಕೊಂಡು ಸೋಲಲಿ. ಗೆದ್ದು ತಪ್ಪು ಮಾಡಿದರೆ ಇದೇ ಹೋಟೆಲಿನವರು ಬಯ್ಯಲಿ, ಜೊತೆಗೆ ನಾನೂ ಬಯ್ಯುತ್ತೇನೆ. ಗುರುವಾರ ತಾವು ಕುಣಿಗಲ್ಲಿನಲ್ಲಿ ಇರಬೇಕು. ನಾಮಪತ್ರವನ್ನು ಅವಳ ಕೈಯಿಂದ ತೆಗೆದುಕೊಳ್ಳಬೇಕು. ಕೇಳುವುದೇನಿದ್ದರೂ ಅವಳ ಮುಖ ನೋಡಿ ಕೇಳಬೇಕು. ನನ್ನ ಬೇಡಿಕೆ ಇಷ್ಟೇ.

ಈ ಪತ್ರ ಬರೆಯುತ್ತೇನೆ ಎಂದಾಗ ಭದ್ರಮ್ಮ, "ನಿನ್ ಹೆಸ್ರಲ್ಲಿ ಬರಕೋ. ನನ್ ಮಾತು ಅಲ್ಲಿ ನಾನೇ ಆಡ್ತೀನಿ" ಅಂದಳು. ಅದಕ್ಕೇ ಅವತ್ತು ನಾನು ಜೊತೆಗೆ ಬರುವುದಿಲ್ಲ. ಬೆಳಿಗ್ಗೆ ಅವಳನ್ನು ನಮ್ಮ ಹಳ್ಳಿಯಿಂದ ಕುಣಿಗಲ್ ಬಸ್ ಹತ್ತಿಸಿ, ಫೋನ್ ಸ್ವಿಚ್ ಆಫ್ ಮಾಡಿ, ಮನೆಯಲ್ಲೇ ಇರುತ್ತೇನೆ. ತಾವು ಆ ಕೋಣೆಯಲ್ಲಿ ಎಷ್ಟು ಸುತ್ತ ನೋಡಿದರೂ ಮಾತಾಡಿಸಲಿಕ್ಕೆ ಅವಳ ಗಂಡ ಸಿಗುವುದಿಲ್ಲ. ಅವಳೊಬ್ಬಳೇ ಇರುತ್ತಾಳೆ.

ಇಂತಿ,
ಪೇಟದ ಅಳತೆ ಕೊಡದೆ ಉಳಿದ
ಕಾಂತೇಶ್, ಟೈಲರ್, ಕುಣಿಗಲ್
(ಸಂಘದ ಸದಸ್ಯನಲ್ಲ, ಅಭ್ಯರ್ಥಿಯ ಗಂಡ ಅಷ್ಟೆ)