ಬೇರೆಯವರ ಮನೆಯಲ್ಲಿ ಕೇಳಬಾರದ್ದು

ಅಮ್ಮ,

ನನ್ನ ಸೊಂಟನೋವಿನ ಮೂಲ ಬೆನ್ನಲ್ಲಿಲ್ಲವಂತೆ, ಮೂತ್ರ ತಡೆಹಿಡಿಯುವ ತಳದ ಸ್ನಾಯುಗಳಲ್ಲಿದೆಯಂತೆ. ಇವತ್ತು ಬೆಸೆಂಟ್ ನಗರದಲ್ಲಿ ಫಿಸಿಯೋಥೆರಪಿಸ್ಟ್ ಹರ್ಷಿಣಿ, ಉಡುಪಿ ಕಡೆಯ ಹುಡುಗಿ, ನನ್ನನ್ನು ಮಲಗಿಸಿ, "ಸಡಿಲ ಬಿಡಿ ಅಕ್ಕ," ಎಂದಳು.

"ಬಿಟ್ಟಿದ್ದೇನಲ್ಲ!"

"ಇದು ಬಿಟ್ಟದ್ದಾ ಮಾರಾಯ್ರೆ? ಬ್ಯಾಂಕ್ ಲಾಕರೂ ಇಷ್ಟು ಬಿಗಿ ಇರ್ಲಿಕ್ಕಿಲ್ಲ. ಎಷ್ಟು ವರ್ಷದಿಂದ ಹಿಡ್ಕೊಂಡಿದ್ದೀರಿ?"

ಬೇರೆಯವರ ಮನೆಯಲ್ಲಿ ಬಾತ್‌ರೂಮ್ ಕೇಳಬಾರದೆಂದು ನೀನು ಕಲಿಸಿದಂದಿನಿಂದ, ಎಂದೆ. ಪೆರುಂಗುಡಿಯ ಆಫೀಸನ್ನೂ ಇಪ್ಪತ್ತು ವರ್ಷ ಬೇರೆಯವರ ಮನೆಯೆಂದೇ ತಿಳಿದಿದ್ದೆ. ಅವಳು ಜೋರಾಗಿ ನಕ್ಕಳು. ನಾನೂ ನಕ್ಕೆ. ಆಗ ತಾನಾಗಿಯೇ ಸಡಿಲವಾಯಿತು.

"ನಿಮ್ಮ ಅಮ್ಮನಿಗೂ ಹೀಗೇ ಇತ್ತಾ?"

ಗೊತ್ತಿಲ್ಲ ಎಂದೆ. ಕೇಳೋಣವೆಂದರೆ ನೀನು ಹೋಗಿ ಮೂರು ವರ್ಷ. ಆದರೆ ಬೀಚಿಗೆ ಬಂದ ಹತ್ತೇ ನಿಮಿಷಕ್ಕೆ ನೀನು "ಮನೆಗೆ ಹೋಗೋಣ" ಎನ್ನುತ್ತಿದ್ದೆ. ನನ್ನ ಜೊತೆ ನಿನಗೆ ಬೇಸರವೆಂದುಕೊಂಡು, ಆಮೇಲೆ ನಾನು ನಿನ್ನನ್ನು ಕರೆಯಲೇ ಇಲ್ಲ.